ಸೆಕೆಂಡ್ ಹ್ಯಾಂಡ್ ಕಾರ್ಡು ಕೈಕೊಟ್ಟಾಗ

"ಇವತ್ತು ಈ ಕಂಪ್ಯೂಟರಿಗೆ ಮರುಜನ್ಮ ಕೊಡದೆ ನಾನು ಊಟಕ್ಕೆ ಏಳೋದಿಲ್ಲ!"

ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರನ್ನು ಖಡ್ಗದಂತೆ ಮೇಲೆತ್ತಿ ಘೋಷಿಸಿದೆ. ಹೆಂಡತಿ ಗಾಬರಿಯಾದಳು. ನನ್ನ ಹೊಟ್ಟೆಯ ಬಗ್ಗೆ ಅಲ್ಲ, ಕಂಪ್ಯೂಟರಿನ ಬಗ್ಗೆ.

ಅವಳು ಮನೆ ಕಟ್ಟಿಸುವವರಿಗೆ ನಕ್ಷೆ ಬರೆದುಕೊಡುವವಳು. ನಮ್ಮ ಹಳೆಯ ಕಂಪ್ಯೂಟರೋ, ಪರದೆಯ ಮೇಲಿನ ಮನೆಯನ್ನು ಒಂದು ಸುತ್ತು ತಿರುಗಿಸಿ ತೋರಿಸುವಷ್ಟರಲ್ಲಿ ನಿಜವಾದ ಮನೆಗೇ ತಾರಸಿ ಹಾಕಿ ಮುಗಿಸಬಹುದು! ಚಿತ್ರ ಸರಾಗವಾಗಿ ಓಡಬೇಕಾದರೆ ಗ್ರಾಫಿಕ್ಸ್ ಕಾರ್ಡು ಬೇಕು. ನನ್ನ ಸಹೋದ್ಯೋಗಿ ತನ್ನ ಹಳೆಯದನ್ನು ಮಾರುತ್ತಿದ್ದ. ಕೊಂಡು ತಂದೆ.

"ಸೆಕೆಂಡ್ ಹ್ಯಾಂಡ್ ಅಲ್ವೇನ್ರೀ?"

"ನನ್ನ ಹ್ಯಾಂಡ್ ಬಿದ್ಮೇಲೆ ಅದು ಫಸ್ಟ್ ಕ್ಲಾಸ್ ಕಣೇ!"

"ಮಧ್ಯಾಹ್ನ ನಮ್ಮ ಬಟ್ಟೆ ಹೊಲಿಯೋ ಟೈಲರ್ ಬರ್ತಾರೆ, ಅವರ ಮನೆ ಡಿಸೈನ್ ನೋಡೋಕೆ. ನಾನೊಬ್ಬಳೇ ಒಪ್ಕೊಂಡಿರೋ ಮೊದಲನೇ ಮನೆ. ಕೆಡಿಸ್ಬೇಡಿ."

ಕಂಪ್ಯೂಟರಿನ ಡಬ್ಬ ಬಿಚ್ಚಿದೆ. ಒಳಗಿದ್ದ ಧೂಳಿನಲ್ಲಿ ಸೊಪ್ಪು ಬೆಳೆಯಬಹುದಿತ್ತು! ಸೀನುತ್ತಲೇ ಒರೆಸಿದೆ. ಕಾರ್ಡು ಜಾಗಕ್ಕಿಂತ ಉದ್ದ. ಹಾರ್ಡ್ ಡಿಸ್ಕನ್ನು ಪಕ್ಕಕ್ಕೆ ಎತ್ತಂಗಡಿ ಮಾಡಿ ಕೂರಿಸಿದೆ. ಸ್ವಿಚ್ ಒತ್ತಿದೆ. ಫ್ಯಾನು ವಿಮಾನದಂತೆ ಮೊರೆಯಿತು. ಪರದೆಯಲ್ಲಿ ಮಾತ್ರ ಅಮಾವಾಸ್ಯೆ!

"ಮನೆ ಎಲ್ರೀ?"

"ಬರುತ್ತೆ, ತಾಳು."

ಬರಲಿಲ್ಲ. ಕಾರ್ಡನ್ನು ಕಿತ್ತು, ಅದರ ಹೊಳೆಯುವ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದೆ. ಕತ್ತಲೆ. ಸಹೋದ್ಯೋಗಿಗೆ ಫೋನ್ ಮಾಡಿದೆ.

"ಕಾರ್ಡಿಗೇ ಬೇರೆ ಪವರ್ ವೈರ್ ಇದೆ, ಚುಚ್ಚಿದ್ಯಾ?"

ಚುಚ್ಚಿರಲಿಲ್ಲ. ಚುಚ್ಚಿದೆ. ಈಗ ಕಾರ್ಡಿನ ಫ್ಯಾನೂ ತಿರುಗಿತು, ಕತ್ತಲೆಗೆ ಗಾಳಿ ಬೀಸತೊಡಗಿತು! ಊಟ ಆರಿತು, ನಾನು ಮಾತ್ರ ಕುದಿಯುತ್ತಿದ್ದೆ. ಮತ್ತೆ ಫೋನ್ ಮಾಡಿ, "ಸತ್ತಿರೋ ಕಾರ್ಡನ್ನ ನನ್ನ ತಲೆಗೆ ಕಟ್ಟಿದ್ಯಲ್ಲೋ!" ಎಂದು ಗುಡುಗಿದೆ. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟೆ.

ಹೆಂಡತಿ ಮೇಜಿನ ಹಿಂದೆ ಬಗ್ಗಿದಳು. ಮಾನಿಟರಿನ ವೈರನ್ನು ಬೆರಳಲ್ಲೇ ಹಿಂಬಾಲಿಸುತ್ತಾ ಹೋದಳು.

"ರೀ, ಈ ವೈರು ಹಳೇ ತೂತಲ್ಲೇ ಇದೆ. ಹೊಸ ಕಾರ್ಡಿಗೂ ಇಂಥದೇ ತೂತಿದ್ಯಲ್ಲ, ಅದಕ್ಕೆ ಹಾಕ್ಬೇಕಲ್ವಾ?"

ಅಲ್ಲಿಂದ ಕಿತ್ತು ಇಲ್ಲಿಗೆ ಸಿಕ್ಕಿಸಿದಳು. ಪರದೆ ಝಗ್ಗೆಂದಿತು! ನನ್ನ ಮುಖಕ್ಕೆ ಕತ್ತಲೆ ವರ್ಗವಾಯಿತು. ಸಹೋದ್ಯೋಗಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನು ನಕ್ಕ ನಗು ಪಕ್ಕದ ಮನೆಗೂ ಕೇಳಿಸಿರಬೇಕು.

ಅಷ್ಟರಲ್ಲಿ ಟೈಲರ್ ಬಂದರು. ಅವರ ಮನೆ ಪರದೆಯ ಮೇಲೆ ಬೆಣ್ಣೆಯಂತೆ ತಿರುಗಿತು. ಬಾಗಿಲು, ಮೆಟ್ಟಿಲು, ಕಿಟಕಿಯಿಂದ ಬೀಳುವ ಬಿಸಿಲು! ಅವರು ಕುರ್ಚಿಯ ತುದಿಗೆ ಜರುಗಿ ಕೇಳಿದರು, "ಈ ರೂಮು ಸೊಂಟದ ಹತ್ರ ಸ್ವಲ್ಪ ಬಿಗಿ ಆಯ್ತು. ಒಂಚೂರು ಬಿಡಿಸ್ಬಹುದಾ ಅಮ್ಮಾ?"

ಹೆಂಡತಿ ಅಲ್ಲೇ ಗೋಡೆ ಸರಿಸಿ ತೋರಿಸಿದಳು. ಟೈಲರ್ ಕಣ್ಣು ಒರೆಸಿಕೊಂಡು, "ಇದೇ ಇರ್ಲಿ. ಕಟ್ಸೋಣ" ಎಂದರು. ಹೆಂಡತಿಯ ಮುಖ ಪರದೆಗಿಂತ ಹೆಚ್ಚು ಬೆಳಗಿತು. ಆ ಖುಷಿಯಲ್ಲಿ ಉದಾರಿಯಾಗಿ, "ಈ ಕಂಪ್ಯೂಟರ್ ರಿಪೇರಿ ಎಲ್ಲಾ ನಮ್ಮೆಜಮಾನ್ರದ್ದೇ" ಎಂದುಬಿಟ್ಟಳು. ನಾನು ಎದೆಯುಬ್ಬಿಸಿದೆ.

"ಹೌದಾ ಸಾರ್? ಹಾಗಾದ್ರೆ ನಮ್ಮನೆ ವೈರಿಂಗೂ ನೀವೇ ಮಾಡ್ಕೊಡಿ!"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಕೈ ಅಡ್ಡ ಹಿಡಿದಳು.

"ಬೇಡ ಅಣ್ಣಾ! ಬೆಳಕಿಗೇಂತ ಅಷ್ಟೊಂದು ಕಿಟಕಿ ಇಟ್ಟಿದೀನಿ, ಇವರು ವೈರ್ ಮುಟ್ಟಿದ್ರೆ ಮನೆಯೆಲ್ಲಾ ಅಮಾವಾಸ್ಯೆ!"