ನಿಂತಲ್ಲೇ ಹತ್ತು ಸಾವಿರ ಹೆಜ್ಜೆ

ಮನುಷ್ಯನಿಗೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ. ಕೆಲವರದು ಎಲೆ-ಅಡಿಕೆಯಲ್ಲಿ ಮುಗಿಯುತ್ತದೆ, ಕೆಲವರದು ಇಸ್ಪೀಟಿನಲ್ಲಿ ಮುಗಿಯುವುದೇ ಇಲ್ಲ. ನನ್ನದು ಗುಂಡಿ ಒತ್ತಿದರೆ ದೀಪ ಹತ್ತುವ ವಸ್ತುಗಳ ಚಟ. ಅದು ಏನು ಕೆಲಸ ಮಾಡುತ್ತದೆ ಎಂಬುದು ಆಮೇಲಿನ ಮಾತು. ಮೊದಲು ದೀಪ ಹತ್ತಬೇಕು, ಸಾಧ್ಯವಾದರೆ ‘ಟೊಂಯ್’ ಎಂದು ಸದ್ದೂ ಬರಬೇಕು. ಅಷ್ಟಾದರೆ ನನಗೆ ಆ ದಿನ ಹಬ್ಬ. ಆದರೆ ಚಿಕ್ಕೋಡಿಯ ಖಾಸಗಿ ಹೈಸ್ಕೂಲಿನ ಹಿಂದಿ ಮಾಸ್ತರನಿಗೆ ಇಂಥ ಚಟ ಹತ್ತಬಾರದಾಗಿತ್ತು. ಹತ್ತಿಬಿಟ್ಟಿದೆ, ಏನು ಮಾಡುವುದು? ಹೊಸ ಮಾಲು ಪೇಟೆಗೆ ಬಂದಾಗ ನಾನು ಅದರ ಜಾಹೀರಾತನ್ನು ಪುಕ್ಕಟೆ ನೋಡಿ ಖುಷಿಪಡುತ್ತೇನೆ. ಅದು ಯಾರೋ ಸಾಹುಕಾರರ ಕೈಯಲ್ಲಿ ಮೆರೆದು, ಅವರ ಮಗನ ಕೈಯಿಂದ ಬಿದ್ದು, ಅಳಿಯನ ಕೈಯಲ್ಲಿ ನೆನೆದು, ಕೊನೆಗೆ ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಹತ್ತಿರ ಹಳೇ ಸಾಮಾನು ರಿಪೇರಿ ಮಾಡಿ ಮಾರುವ ಸಲೀಂಭಾಯ್ ಅಂಗಡಿಗೆ ಬರುವವರೆಗೆ ಕಾಯುತ್ತೇನೆ. ಅಲ್ಲಿಗೆ ಬಂದ ಮೇಲೆ ಅದು ನನ್ನದೇ.

ಹೀಗೆ ನಮ್ಮ ಮನೆ ಸೇರಿದ ಪ್ರತಿಯೊಂದಕ್ಕೂ ಒಂದೊಂದು ಊನ ಇದೆ, ಆ ಊನಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಒಂದು ರೇಡಿಯೋ ಇದೆ, ಯಾವ ಕಡೆ ತಿರುಗಿಸಿದರೂ ಮರಾಠಿ ನಿಲ್ದಾಣವನ್ನೇ ಹಿಡಿಯುತ್ತದೆ. ಅದರಿಂದಾಗಿ ಹೊಲವೇ ಇಲ್ಲದ ನಮಗೆ ದ್ರಾಕ್ಷಿಗೆ ಯಾವಾಗ ಔಷಧಿ ಹೊಡೆಯಬೇಕೆಂಬುದು ಮರಾಠಿಯಲ್ಲಿ ಬಾಯಿಪಾಠ. ಇಯರ್‌ಫೋನಿನಲ್ಲಿ ಒಂದೇ ಕಿವಿ ಹಾಡುತ್ತದೆ. ಇದನ್ನು ದೋಷವೆನ್ನುವವರು ಸಂಸಾರ ಮಾಡಿದವರಲ್ಲ, ಇನ್ನೊಂದು ಕಿವಿಯಲ್ಲಿ ಮನೆಯವರ ಮಾತು ಕೇಳಿಸಬೇಕಲ್ಲ! ಬ್ಲೂಟೂತ್ ಸ್ಪೀಕರ್ ಒಂದಿದೆ, ಹಾಡಿಗೆ ತಕ್ಕಂತೆ ಅದರ ಬಣ್ಣದ ದೀಪ ಕುಣಿಯಬೇಕು. ಅದು ಹಾಡಿಗೆ ಸುಮ್ಮನಿದ್ದು ಕುಕ್ಕರಿನ ಸೀಟಿಗೆ ಕುಣಿಯುತ್ತದೆ. ನನ್ನ ಹೆಂಡತಿ ಶೈಲಾ ಅಕ್ಕಿ ಇಟ್ಟು ಪಡಸಾಲೆಯಲ್ಲಿ ಕುಳಿತು ದೀಪ ನೋಡಿ ಸೀಟಿ ಎಣಿಸುತ್ತಾಳೆ. ಯಾವ ಕಂಪನಿಯ ಇಂಜಿನಿಯರ್ ಕೂಡ ಇಂಥ ಉಪಯೋಗವನ್ನು ಯೋಚಿಸಿರಲಿಕ್ಕಿಲ್ಲ.

ಇರಲಿ, ಹೇಳಹೊರಟಿದ್ದು ಗಡಿಯಾರದ ಕತೆ. ನಮ್ಮ ಡಾಕ್ಟರು ನನ್ನ ರಕ್ತದ ಚೀಟಿ ನೋಡಿ, ಸಕ್ಕರೆ ಗಡಿಯ ಮೇಲೆ ಬಂದು ನಿಂತಿದೆ ಎಂದರು. ನಾನು ಗಾಬರಿಯಾಗಲಿಲ್ಲ. ಕೊಗನೊಳ್ಳಿ ಚೆಕ್‌ಪೋಸ್ಟ್ ದಾಟಿ ಮಹಾರಾಷ್ಟ್ರದಲ್ಲಿ ಮಿಸಳ್ ತಿಂದು ಸಂಜೆಗೆ ಮರಳುವ ನಮಗೆ ಗಡಿಯೆಂದರೆ ಏನು ಹೆದರಿಕೆ? ಡಾಕ್ಟರಿಗೆ ಈ ವಾದ ಹಿಡಿಸಲಿಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಿರಿ ಎಂದರು. ಅಲ್ಲಿಂದ ಹೊರಬಂದಾಗ ನನ್ನ ತಲೆಯಲ್ಲಿ ನಡೆಯುವ ಯೋಚನೆ ಇರಲಿಲ್ಲ, ಹತ್ತು ಸಾವಿರವನ್ನು ಎಣಿಸುವವರು ಯಾರು ಎಂಬ ಯೋಚನೆಯಿತ್ತು. ಮುಂದಿನ ಬಸ್ಸಿಗೇ ನಿಪ್ಪಾಣಿಗೆ ಹೋದೆ. ಸಲೀಂಭಾಯ್ ಒಂದು ಸ್ಮಾರ್ಟ್‌ವಾಚ್ ತೆಗೆದಿಟ್ಟ. ಪಟ್ಟಿಯ ಅರ್ಧ ಕಪ್ಪು, ಅರ್ಧ ನೀಲಿ. “ಸರ್, ಘಡಿ ಏಕದಂ ಭಾರಿ ಐತ್ರಿ. ನೀವ್ ಕೈಗಿ ಕಟಗೋರಿ ಸಾಕ, ಉಳದದ್ದ ಅದ ನೋಡಕೋತೈತಿ” ಎಂದ. ಅವನ ಮಾತು ಎಷ್ಟು ಖರೆಯಾಯಿತೆಂದರೆ ನಾನು ಕಟ್ಟಿಕೊಳ್ಳುವ ಅಗತ್ಯವೂ ಉಳಿಯಲಿಲ್ಲ.

ಗಡಿಯಾರ ಕಟ್ಟಿಕೊಂಡು ಶಾಲೆಗೆ ಹೋದ ದಿನವೇ ನಮ್ಮ ಡ್ರಿಲ್ ಮಾಸ್ತರರಾದ ಮಗದುಮ್ ಸರ್ ಕಣ್ಣಿಗೆ ಬಿತ್ತು. ಅವರ ಕೈಯಲ್ಲಿ ಅಂಗಡಿಯಿಂದ ಡಬ್ಬಿ ಸಮೇತ ತಂದ, ತುಟ್ಟಿಯ ಗಡಿಯಾರವಿದೆ. ಇಲ್ಲಿ ನಮ್ಮ ಸ್ಟಾಫ್ ರೂಮಿನ ಪರಿಸ್ಥಿತಿ ಹೇಳಬೇಕು. ಅಲ್ಲಿ ಫ್ಯಾನು ಒಂದೇ, ಅದರ ಕೆಳಗಿನ ಕುರ್ಚಿಯೂ ಒಂದೇ. ಇಡೀ ದಿನ ಮೈದಾನದಲ್ಲಿ ಸೀಟಿ ಊದುವ ಮಗದುಮ್ ಸರ್ ಆ ಕುರ್ಚಿಯ ಒಡೆಯರು. ಅವರು ಇಲ್ಲದಾಗಲೂ ಅವರ ಟೊಪ್ಪಿಗೆ ಅದರ ಮೇಲೆ ಕುಳಿತು ಗಾಳಿ ತೆಗೆದುಕೊಳ್ಳುತ್ತದೆ. ಮಾರ್ಚಿನ ಬಿಸಿಲಲ್ಲಿ ಉತ್ತರಪತ್ರಿಕೆ ತಿದ್ದುತ್ತ ಬೆವರುವ ನಾನು ಆ ಟೊಪ್ಪಿಗೆಯನ್ನು ಕಂಡು ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೇನೋ! ಮಗದುಮ್ ಸರ್ ನನ್ನ ಎರಡು ಬಣ್ಣದ ಪಟ್ಟಿ ನೋಡಿ ನಕ್ಕು, ಸೋಮವಾರದಿಂದ ರವಿವಾರದವರೆಗೆ ಯಾರು ಹೆಚ್ಚು ನಡೆಯುತ್ತಾರೋ ಕುರ್ಚಿ ಅವರದು ಎಂದು ಪಂಥ ಕಟ್ಟಿದರು. ಕುರ್ಚಿಯ ಆಸೆಗೆ ನಾನು ಹೂಂ ಎಂದುಬಿಟ್ಟೆ.

ಸೋಮವಾರ ಬೆಳಿಗ್ಗೆ ಭರ್ಜರಿಯಾಗಿ ಹೊರಟೆ. ಓಣಿಯ ತುದಿಯಲ್ಲಿ ಚಹಾದಂಗಡಿ ಸಿಕ್ಕಿತು. ಉಳಿದ ನಡಿಗೆ ಅಲ್ಲೇ ಮುಗಿಯಿತು. ಸಾವಿರದ ಚಿಲ್ಲರೆ ಹೆಜ್ಜೆಯೊಂದಿಗೆ ಮನೆಗೆ ಬಂದು, ಗಡಿಯಾರ ಬಿಚ್ಚಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಆ ದಿನ ದಿಗ್ಗೇವಾಡಿಯಿಂದ ಶೈಲಾಳ ತವರಿನವರು ಬರುವವರಿದ್ದರು. ಅವಳು ಜೋಳದ ರೊಟ್ಟಿಗೆ ನಿಂತಿದ್ದಳು. ಗಡಿಯಾರಕ್ಕೆ ನೀರು ಸಿಡಿದೀತೆಂದು ಅದನ್ನೆತ್ತಿ ತನ್ನ ಬಲಗೈಗೆ ಕಟ್ಟಿಕೊಂಡು ಟಪಟಪ ರೊಟ್ಟಿ ಬಡಿಯತೊಡಗಿದಳು. ನಾನು ಪಂಚೆ ಸುತ್ತಿಕೊಂಡು ಹೊರಬರುವಷ್ಟರಲ್ಲಿ ಕೂಗಿದಳು: “ಏನ್ರಿ, ನಿಮ್ಮ ಘಡ್ಯಾಳದಾಗ ಪಟಾಕಿ ಹಾರಾಕತ್ತಾವ, ಬಂದ ನೋಡ್ರಿ.” ನೋಡಿದೆ. ಐದು ಸಾವಿರ ಹೆಜ್ಜೆ ದಾಟಿದ್ದಕ್ಕೆ ಗಡಿಯಾರ ಪರದೆಯ ಮೇಲೆ ಬಣ್ಣದ ಬಾಣಬಿರುಸು ಬಿಟ್ಟು ಅಭಿನಂದಿಸುತ್ತಿತ್ತು.

ಪಾಪ, ಅದನ್ನು ಮಾಡಿದವರು ಎಲ್ಲಿಯವರೋ. ಕೈ ಹೀಗೆ ಒಂದೇ ಲಯದಲ್ಲಿ ಆಡುತ್ತಿದ್ದರೆ ಮನುಷ್ಯ ನಡೆಯುತ್ತಿದ್ದಾನೆ ಎಂದು ಅವರು ತಿಳಿದಿದ್ದಾರೆ. ಜೋಳದ ರೊಟ್ಟಿ ಬಡಿಯುವವರನ್ನು ಅವರು ಕಂಡೇ ಇಲ್ಲ. ನಾನು ಆ ಕ್ಷಣದಲ್ಲೇ ಹೆಂಡತಿಗೆ ವಿಷಯ ಹೇಳಿ ನಗಬೇಕಾಗಿತ್ತು. ಆದರೆ ಕಣ್ಣ ಮುಂದೆ ಫ್ಯಾನಿನ ಕೆಳಗಿನ ಕುರ್ಚಿ ಬಂದು ನಿಂತಿತು. “ಇರ್ಲಿ, ಇನ್ನ ದಿನಾ ರೊಟ್ಟಿ ಮಾಡೂಮುಂದ ಇದನ್ನ ಕಟಗೋ. ನಿನ್ನ ಎದಿ ಬಡಿತ ಹೆಂಗೈತಿ ನೋಡತೈತಿ ಇದು” ಎಂದೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಲಗ್ನವಾದ ಇಪ್ಪತ್ತೆರಡು ವರ್ಷದಲ್ಲಿ ನಾನು ಅವಳ ಎದೆಬಡಿತ ವಿಚಾರಿಸಿದ್ದು ಅದೇ ಮೊದಲು. ಆ ದಿನ ನನ್ನ ತಾಟಿಗೆ ಬಿದ್ದ ಬೆಣ್ಣೆ ಎಂದಿಗಿಂತ ದುಪ್ಪಟ್ಟಾಗಿತ್ತು.

ನಮ್ಮದು ಐದು ಜನರ ಮನೆ. ನನ್ನ ಅವ್ವ, ನಾವಿಬ್ಬರು, ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಎರಡು ಹೊತ್ತಿನ ರೊಟ್ಟಿ. ಬುಧವಾರದ ಹೊತ್ತಿಗೆ ನಾನು ಮಗದುಮ್ ಸರ್‌ರನ್ನು ಹಿಂದೆ ಹಾಕಿದ್ದೆ. ಅವರು ಹಟಕ್ಕೆ ಬಿದ್ದು ಮಕ್ಕಳ ಜೊತೆ ತಾವೂ ಮೈದಾನ ಸುತ್ತತೊಡಗಿದರು. ಮನೆಯಲ್ಲಿ ಒಂದು ದಿನ ಹೆಣ್ಣುಮಕ್ಕಳು ಚಪಾತಿ ಬೇಕೆಂದಾಗ ನಾನು ಸಿಟ್ಟು ಮಾಡಿ, ಲಟ್ಟಿಸಿದ್ದು ಮೈಗೆ ಹತ್ತುವುದಿಲ್ಲ, ಬಡಿದದ್ದೇ ಆಗಬೇಕು ಎಂದು ಭಾಷಣ ಬಿಗಿದೆ. ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಗುರುವಾರ ಮಾತ್ರ ಶೈಲಾ ಪಕ್ಕದ ಮನೆಯವರಿಗೆ ಕೈಯ ಗಡಿಯಾರ ತೋರಿಸಿ, ನಮ್ಮವರಿಗೆ ನನ್ನ ಎದೆಯದೇ ಚಿಂತೆ, ದಿನಾ ಎರಡು ಹೊತ್ತು ನೋಡುತ್ತಾರೆ ಎಂದು ಹೇಳುವುದು ಕಿಟಕಿಯಿಂದ ಕೇಳಿಸಿತು. ನನಗೆ ನಿಜವಾಗಿ ನಾಚಿಕೆಯಾಯಿತು. ನಾಚಿಕೆಪಡುತ್ತಲೇ ಸಂಜೆ ಗಡಿಯಾರ ಮತ್ತೆ ಅವಳ ಕೈಗೆ ಕಟ್ಟಿದೆ.

ರವಿವಾರ ಬೆಳಿಗ್ಗೆ ಪಡಸಾಲೆಯ ಮಂಚದ ಮೇಲೆ ಮಲಗಿ ಪೇಪರು ಓದುತ್ತಿದ್ದೆ. ಒಳಗೆ ಟಪಟಪ ನಡೆದಿತ್ತು. ಮಗದುಮ್ ಸರ್ ಹೇಳದೆ ಕೇಳದೆ ಬಂದರು. ಹೊರಗೆ ಹೋಗಿ ಒಂದು ಸುತ್ತು ಹಾಕೋಣ ಎಂದರು. ನಾನು ಮಂಡಿ ಹಿಡಿದುಕೊಂಡು, ಈಗಷ್ಟೇ ನಡೆದು ಬಂದೆ, ಇನ್ನು ಆಗುವುದಿಲ್ಲ ಎಂದು ನರಳಿದೆ. ಸರಿಯಾಗಿ ಅದೇ ಹೊತ್ತಿಗೆ ಗೋಡೆಯ ಗೂಡಿನಿಂದ ಹೆಣ್ಣುದನಿಯೊಂದು ಮೊಳಗಿತು: “ಶಾಬಾಶ್! ಆಪ್ ಛೇ ಹಜಾರ್ ಕದಮ್ ಚಲ್ ಚುಕೇ ಹೈಂ.” ಮಲಗಿದಲ್ಲೇ ಆರು ಸಾವಿರ ಹೆಜ್ಜೆ ನಡೆದ ನನಗೆ ಶಾಬಾಶ್‌ಗಿರಿ! ಕಲಿಸುವ ವಿಷಯದ ಮೇಲಿನ ನಿಷ್ಠೆಯಿಂದ ಗಡಿಯಾರದ ಭಾಷೆಯನ್ನು ಹಿಂದಿಗೆ ಇಟ್ಟವನು ನಾನೇ. ಗಡಿಯಾರದ ಲೆಕ್ಕವನ್ನು ಫೋನು ಓದಿ ಹೇಳುವುದನ್ನು ಅಷ್ಟು ದಿನ ಒಂದೇ ಕಿವಿಯ ಇಯರ್‌ಫೋನಿನಲ್ಲಿ ಗುಟ್ಟಾಗಿ ಕೇಳುತ್ತಿದ್ದೆ. ಆ ದಿನ ಫೋನನ್ನು ಗೂಡಿನಲ್ಲಿದ್ದ ಸ್ಪೀಕರಿಗೆ ಜೋಡಿಸಿದ್ದು ಮರೆತುಹೋಗಿತ್ತು. ಮಗದುಮ್ ಸರ್ ಸ್ಪೀಕರ್ ನೋಡಿದರು, ಬರಿದಾದ ನನ್ನ ಮಣಿಕಟ್ಟು ನೋಡಿದರು. “ಸರ್, ನೀವು ಇಲ್ಲೆ ಮಲಕೊಂಡೀರಿ. ಮತ್ತ ನಡ್ಯಾಕತ್ತವ್ರು ಯಾರ್ರಿ?” ಎಂದರು.

ಒಳಗಿನ ಟಪಟಪ ನಿಂತಿತು. ಹಿಟ್ಟಿನ ಕೈಯೊಂದಿಗೆ, ಆ ಕೈಗೆ ಕಟ್ಟಿದ ಗಡಿಯಾರದೊಂದಿಗೆ ಶೈಲಾ ಬಾಗಿಲಿಗೆ ಬಂದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ, ಇಬ್ಬರ ಮುಂದೆಯೂ ಎಲ್ಲ ಒಪ್ಪಿಕೊಂಡೆ. “ಅಂದ್ರ ಇದು ನನ್ನ ಎದಿ ನೋಡಾಕ ಅಲ್ಲ?” ಎಂದು ಅವಳು ಸಣ್ಣ ದನಿಯಲ್ಲಿ ಕೇಳಿದಳು. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ. ಆ ಒಂದು ನಿಮಿಷ ನನಗೆ ಯಾವ ಕುರ್ಚಿಯೂ ಬೇಡವಾಗಿತ್ತು. ಅವಳೇ ಸುಧಾರಿಸಿಕೊಂಡು, ವಾರದಲ್ಲಿ ತಾನು ಒಟ್ಟು ಎಷ್ಟು ನಡೆದಿದ್ದೇನೆ ನೋಡಿ ಹೇಳಿರೆಂದು ಮಗದುಮ್ ಸರ್‌ಗೆ ಕೇಳಿದಳು. ಅವರು ಫೋನು ತಿರುವಿ, ನನ್ನ ಚಹಾದಂಗಡಿಯ ಹೆಜ್ಜೆಗಳನ್ನು ಕಳೆದರೂ ಅವಳ ಹೆಜ್ಜೆ ಮೂವತ್ತೈದು ಸಾವಿರ ದಾಟುತ್ತದೆ ಎಂದರು. “ಅಡಗಿಮನಿ ಹೊಸ್ತಿಲಾ ದಾಟಿಲ್ರಿ ನಾ. ಅಷ್ಟ ರೋಡಿನ ಮ್ಯಾಲ ನಡದಿದ್ರ ಇಷ್ಟೊತ್ತಿಗಿ ತವರಮನಿ ಮುಟ್ಟತಿದ್ನಿ ನೋಡ್ರಿ” ಎಂದಳು. ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ಆ ನಗು ಬಂದದ್ದಕ್ಕೆ ನಾನು ಬದುಕಿದೆ.

ಮಗದುಮ್ ಸರ್ ಬಿಸಿ ರೊಟ್ಟಿ, ಶೇಂಗಾ ಚಟ್ನಿಗೆ ಕುಳಿತು ನಾಲ್ಕು ರೊಟ್ಟಿ ಮುಗಿಸಿ ತೀರ್ಪು ಕೊಟ್ಟರು. ಕುರ್ಚಿ ನ್ಯಾಯವಾಗಿ ಶೈಲಾ ವೈನಿಯದು, ಅವರು ಶಾಲೆಗೆ ಬರುವವರೆಗೆ ತಾವೇ ಅದನ್ನು ಕಾಯುವುದಾಗಿ ಹೇಳಿದರು. ಹೋಗುವಾಗ ಬಾಗಿಲಲ್ಲಿ ನಿಂತು, ತುಟ್ಟಿಯ ಗಡಿಯಾರವೂ ರೊಟ್ಟಿಯನ್ನು ಹೀಗೇ ಎಣಿಸುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಮರುದಿನ ಅವರ ಗಡಿಯಾರದ ಪಟ್ಟಿಯ ಸಂದಿಯಲ್ಲಿ ಜೋಳದ ಹಿಟ್ಟಿತ್ತು. ನಾನು ಕಂಡೂ ಕಾಣದವನಂತೆ ಇದ್ದೆ.

ಹೆಂಡತಿಗೆ ಹೇಳಿದ ಸುಳ್ಳನ್ನು ಆ ವಾರವೇ ನಿಜ ಮಾಡಿದೆ. ಡಾಕ್ಟರ ಹತ್ತಿರ ಕರೆದೊಯ್ದು ಅವಳ ಎದೆ ತೋರಿಸಿದೆ. ಅವಳದು ಗಟ್ಟಿಯಾಗಿದೆ, ನಿಮ್ಮ ನಡಿಗೆ ಏನಾಯಿತು ಎಂದು ಅವರು ನನ್ನನ್ನೇ ಕೇಳಿದರು. ಅಲ್ಲಿಂದ ನೇರ ನಿಪ್ಪಾಣಿಗೆ ಹೋಗಿ ಸಲೀಂಭಾಯ್‌ನಿಂದ ಕೊರಳಿಗೆ ಹಾಕಿಕೊಳ್ಳುವ ಫ್ಯಾನು ತಂದೆ. ಅಡುಗೆಮನೆಯಲ್ಲಿ ಫ್ಯಾನು ಹಚ್ಚಿದರೆ ಗ್ಯಾಸಿನ ಉರಿ ಆರುತ್ತದೆಂದು ಇಷ್ಟು ವರ್ಷ ಅವಳು ಬೆವರುತ್ತಲೇ ನಿಂತಿದ್ದಳು. ಇದು ಉರಿಗೆ ತಾಗದೆ ಮುಖಕ್ಕಷ್ಟೇ ಗಾಳಿ ಬೀಸುತ್ತದೆ. ಎಡಗಡೆ ಮಾತ್ರ, ಬಲಗಡೆಯದು ತಿರುಗುವುದಿಲ್ಲ. ಅದನ್ನು ಹಾಕಿಕೊಂಡು ರೊಟ್ಟಿ ಬಡಿಯುವ ಅವಳನ್ನು ನೋಡಲು ಓಣಿಯ ಹೆಂಗಸರೆಲ್ಲ ಬಂದು ಹೋದರು. ನನಗಂತೂ ಕುರ್ಚಿ ಗೆದ್ದಿದ್ದರೂ ಇಷ್ಟು ಸಂತೋಷವಾಗುತ್ತಿರಲಿಲ್ಲ.

ಗಡಿಯಾರ ಈಗ ಅವಳದು. ರವಿವಾರದ ರೊಟ್ಟಿ ಮಾತ್ರ ನನ್ನದೆಂದು ಮನೆಯಲ್ಲಿ ತೀರ್ಮಾನವಾಗಿದೆ, ಆಗಷ್ಟೇ ಅವಳು ಅದನ್ನು ಬಿಚ್ಚಿ ನನ್ನ ಕೈಗೆ ಕಟ್ಟುತ್ತಾಳೆ. ಮೊದಲ ರವಿವಾರ ಅರ್ಧ ಗಂಟೆ ನಿಂತು, ಮೈಯೆಲ್ಲ ಹಿಟ್ಟಾಗಿ, ಬೆವರು ಸುರಿಸುತ್ತ ಮೂರನೆಯ ರೊಟ್ಟಿ ಬಡಿಯುತ್ತಿದ್ದೆ. ಗಡಿಯಾರ ಗುರ್ರೆಂದಿತು, ಪರದೆಯ ಮೇಲೆ ಕುರ್ಚಿಯಲ್ಲಿ ಕುಳಿತ ಮನುಷ್ಯನ ಚಿತ್ರ ಮೂಡಿತು. ಪಡಸಾಲೆಯ ಸ್ಪೀಕರಿನಿಂದ ಆ ಹೆಣ್ಣುದನಿ, “ಆಪ್ ಬಹುತ್ ದೇರ್ ಸೇ ಬೈಠೇ ಹೈಂ, ಕೃಪಯಾ ಉಠಿಯೇ” ಎಂದಿತು. ಲಯವಿಲ್ಲದ ನನ್ನ ಬಡಿತವನ್ನು ಲೆಕ್ಕಕ್ಕೇ ಹಿಡಿಯದೆ, ಬಹಳ ಹೊತ್ತಿನಿಂದ ಕುಳಿತಿದ್ದೀರಿ, ದಯವಿಟ್ಟು ಏಳಿ ಎನ್ನುತ್ತಿತ್ತು ಅದು. ಶೈಲಾ ಒಳಗೆ ಇಣುಕಿ, “ಏನ ಅಂತೈತ್ರಿ ಅದು?” ಎಂದು ಕೇಳಿದಳು. ಭಾಳ ಚಲೋ ಬಡಿಯುತ್ತಿದ್ದೀರಿ, ಶಾಬಾಶ್ ಅಂತ ಹೇಳುತ್ತಿದೆ ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಅವಳು ಹಿಂದಿ ಧಾರಾವಾಹಿಗಳನ್ನು ಒಂದು ದಿನವೂ ಬಿಡದೆ ನೋಡುತ್ತಾಳೆಂಬುದು ಹಿಂದಿ ಮಾಸ್ತರನಾದ ನನಗೆ ಆಮೇಲೆ ನೆನಪಾಯಿತು.