ತಡವರಿಕೆಗೆ ತೂಬು

ಮರುಳಣ್ಣ ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಬಂದವರೇ ಅಲ್ಲ. ತಮ್ಮನ ಮದುವೆಗೆ ಬಂದಾಗ ಧಾರೆ ಮುಗಿದು ಎಂಜಲೆಲೆ ಎತ್ತುತ್ತಿದ್ದರು. ಹೆತ್ತ ಅವ್ವನ ಮಣ್ಣಿಗೂ ಗುಂಡಿ ಮುಚ್ಚಿದ ಮೇಲೆಯೇ ಬಂದರು. ಕೇಳಿದರೆ, ಮಿಷಿನ್ನು ಅರ್ಧಕ್ಕೆ ಬಿಡೋಕಾಗಲಿಲ್ಲ ಎನ್ನುತ್ತಿದ್ದರು. ಅಂಥವರು ಅವತ್ತು ಬೆಳಗ್ಗೆ ಅಂಗೈಯಗಲದ ಒಂದು ಆಟದ ಯಂತ್ರವನ್ನು ಎತ್ತಿ ಹಿಡಿದು ಒಳಗೆ ಬಂದು, "ವಿಶಾಲು, ಈ ಸಲ ಹೊತ್ತಿಗೆ ಮುಂಚೇನೇ ಬಂದಿದೀನಿ ನೋಡಮ್ಮ" ಎಂದಾಗ ತಮ್ಮನ ಹೆಂಡತಿ ವಿಶಾಲಾಕ್ಷಿ ಗಂಡ ಮಲಗಿದ್ದ ಮಂಚದ ಕಡೆ ತಿರುಗಿ ನೋಡಿದಳು. ಯಾವ ಹೊತ್ತಿಗೆ ಎಂದು ಆ ಮನೆಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳ ಗಂಡ ಓಂಕಾರನಿಗೆ ನರದ ಕಾಯಿಲೆ. ಕಾಲು ಆಗಲೇ ಹೋಗಿತ್ತು, ಈಗ ಕೈಯ ಸರದಿ. ಲೋಟ ಹಿಡಿ ಎಂದು ಮನಸ್ಸು ಹೇಳಿದ ಸುದ್ದಿ ಬೆರಳಿಗೆ ಮುಟ್ಟುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ಯುಗಾದಿ ಕಾಣುವುದು ಕಷ್ಟ ಎಂದು ಡಾಕ್ಟರು ವಿಶಾಲಾಕ್ಷಿಯನ್ನು ಆಚೆ ಕರೆದು ಹೇಳಿದ್ದರು. ಅವನಿಗೋ ಇದ್ದದ್ದು ಒಂದೇ ಆಸೆ. ಅಣ್ಣ ತಮ್ಮ ಸೇರಿ ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ ಕಾಲದಲ್ಲಿ ಒಂದು ವಿಮಾನದ ಆಟವಿತ್ತು. ಅದರ ಕೊನೆಯಲ್ಲಿ ಒಂದು ಕಬ್ಬಿಣದ ಹದ್ದು ಬಂದು ರೆಕ್ಕೆ ಬಿಚ್ಚಿ ಗುಂಡು ಸುರಿಸತೊಡಗಿದರೆ ಪಾಪದ ಹಳೆಯ ಯಂತ್ರ ತಾಳಲಾರದೆ ತಡವರಿಸುತ್ತಿತ್ತು. ಒತ್ತಿದ ಬಟನ್ ಅದಕ್ಕೆ ಕೇಳಿಸುವಷ್ಟರಲ್ಲಿ ವಿಮಾನ ಉರಿದು ಬಿದ್ದಿರುತ್ತಿತ್ತು. ಊರಲ್ಲಿ ಯಾರೂ ಗೆಲ್ಲದ ಆಟ. ಆ ಹದ್ದನ್ನು ಒಂದು ಸಲ ಕೆಡವಿ ಹೋಗಬೇಕು ಎನ್ನುತ್ತಿದ್ದ ಓಂಕಾರ.

ಹೊಸ ಯಂತ್ರ ಹಳೆಯದರ ವೇಷ ಹಾಕಿಕೊಂಡು ಹಳೆಯ ಆಟ ಆಡಿಸುವುದಕ್ಕೆ ಎಮ್ಯುಲೇಶನ್ ಎಂದು ಹೆಸರಂತೆ. ಮರುಳಣ್ಣ ಪೇಟೆಯ ಯಂತ್ರ ತರಿಸಿ, ಬೆನ್ನು ಬಿಚ್ಚಿ, ಆಟ ತುಂಬಿದ ಹಳೆಯ ಕ್ಯಾಸೆಟ್ ಕೂರುವಂತೆ ಅದಕ್ಕೊಂದು ಬಾಯಿ ಕೊಯ್ದಿದ್ದರು. ವೈಫೈ ಆರಿಸಿ, ಪರದೆಯ ಬೆಳಕು ತಗ್ಗಿಸಿ, ಪ್ರೊಸೆಸರಿನ ಓಟ ಏರಿಸಿ, ಕಾದು ಹಂಚಾಗದಂತೆ ಪುಟ್ಟ ಫ್ಯಾನು ಕೂರಿಸಿ, ಇದ್ದಬದ್ದ ಸೆಟ್ಟಿಂಗ್ ಎಲ್ಲ ತಿರುವಿ ನೋಡಿದರೂ ಹದ್ದು ಬಂದೊಡನೆ ಮತ್ತದೇ ತಡವರಿಕೆ. ಕೊನೆಗೆ ಸ್ನಾನ ಮಾಡುವಾಗ ಹೊಳೆಯಿತಂತೆ.

"ತಡ ಅನ್ನೋದನ್ನ ಅಳಿಸೋಕಾಗಲ್ಲ ಕಣಮ್ಮ. ಬಚ್ಚಲ ನೀರಿದ್ದ ಹಾಗೆ ಅದು. ತೂಬು ಕೊಟ್ಟು ಆಚೆಗೆ ಬಿಡಬೇಕು, ಅಷ್ಟೆ" ಎಂದು ಯಂತ್ರದ ಪಕ್ಕದಲ್ಲಿದ್ದ ಹಿತ್ತಾಳೆ ತಿರುಪನ್ನು ತೋರಿಸಿದರು.

"ಆಚೆಗೆ ಅಂದ್ರೆ ಎಲ್ಲಿಗೆ ಭಾವ?"

ಅದೊಂದನ್ನು ಮಾತ್ರ ಅವರು ಯೋಚಿಸಿರಲಿಲ್ಲ. ಆ ಬೀದಿಯವರೆಲ್ಲ ಬಚ್ಚಲ ನೀರನ್ನು ರಸ್ತೆಗೇ ಬಿಡುವವರು. ಅದು ಮುಂದೆ ಯಾರ ಬಾಗಿಲಿಗೆ ಹೋಗುತ್ತದೆಂದು ಕೇಳುವ ರೂಢಿ ಯಾರಿಗೂ ಇರಲಿಲ್ಲ.

ಕ್ಯಾಸೆಟ್ ಹಾಕಿದರೆ ಹತ್ತಲಿಲ್ಲ. ಹತ್ತದ ಕ್ಯಾಸೆಟ್ಟಿಗೆ ಆ ಕಾಲದವರಿಗೆ ಗೊತ್ತಿದ್ದ ಮದ್ದು ಒಂದೇ, ಬಾಯಿಗಿಟ್ಟು ಉಫ್ ಎಂದು ಊದುವುದು. ಮರುಳಣ್ಣ ಊದಿದರೂ ಹತ್ತಲಿಲ್ಲ. ಅಷ್ಟರಲ್ಲಿ ಎದುರು ಮನೆಯ ಹಾಲಪ್ಪ ಮೇಷ್ಟ್ರು ನೀರಿನ ಮೋಟಾರಿನ ವಿಷಯಕ್ಕೆ ಜಗಳ ತೆಗೆಯಲು ಬಂದವರು, ಊದುವ ಚಂದ ನೋಡಲಾರದೆ ಕ್ಯಾಸೆಟ್ ಕಿತ್ತುಕೊಂಡು, ನಾಲ್ಕು ಬೀದಿಗೆ ಕೇಳುವ ಹಾಗೆ ಊದಿ ಕೊಟ್ಟರು. ಹತ್ತಿತು!

ವಿಶಾಲಾಕ್ಷಿ ಯಂತ್ರವನ್ನು ಗಂಡನ ಕೈಗಿಟ್ಟಳು. ಓಂಕಾರನ ಬೆರಳುಗಳು ಓಡುತ್ತಿದ್ದವು. ಅಂಗಡಿಯ ಕಾಲದಲ್ಲಿ ಹೇಗೆ ಓಡುತ್ತಿದ್ದವೋ ಹಾಗೆಯೇ. ಯಂತ್ರಕ್ಕೆ ಆಟದ ತಡ ಯಾವುದು, ಆಡುವವನ ಕೈಯ ತಡ ಯಾವುದು ಎಂಬ ಭೇದ ತಿಳಿಯದೆ ಎರಡನ್ನೂ ಒಟ್ಟಿಗೇ ತೂಬಿಗೆ ತಳ್ಳಿಬಿಟ್ಟಿತ್ತು. ಆಟ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಆ ಬಲ ಉಳಿಯಿತು. ಓಂಕಾರ ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಂಡ. ಹೆಂಡತಿಯ ಹಣೆಗೆ ಅಂಟಿದ್ದ ಕೂದಲನ್ನು ಸರಿಸಿದ. ಅವಳು ಅಡುಗೆಮನೆಗೆ ಓಡಿಹೋಗಿ ಅತ್ತಳು.

ಇತ್ತ ಹಾಲಪ್ಪ ಮೇಷ್ಟ್ರು "ಮೋಟಾರು ಏನು ನಿಮ್ಮಪ್ಪ..." ಎಂದು ಬೆರಳೆತ್ತಿದವರು ಹಾಗೆಯೇ ನಿಂತಿದ್ದರು. ಕಣ್ಣ ರೆಪ್ಪೆಯೂ ಆಡುತ್ತಿರಲಿಲ್ಲ. ಮನೆಯವರೆಲ್ಲ ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆ "ನದಾ?" ಎಂದು ಮಾತು ಮುಗಿಸಿದರು. ತೂಬಿನಿಂದ ಹೊರಟ ತಡ ಯಾರ ಮೇಲೆ ಬೀಳುತ್ತದೆ ಎಂಬುದು ಆಗ ತಿಳಿಯಿತು. ಕ್ಯಾಸೆಟ್ಟನ್ನು ಕೊನೆಯಲ್ಲಿ ಊದಿದವರ ಮೇಲೆ.

ಅದನ್ನು ತಿಳಿದ ಮೇಲೆ ನಿಲ್ಲಿಸಬೇಕಿತ್ತು. ವಿಶಾಲಾಕ್ಷಿ ನಿಲ್ಲಿಸಲಿಲ್ಲ, ಮರುಳಣ್ಣನೂ ನಿಲ್ಲಿಸಲಿಲ್ಲ. ರೋಗಿಯನ್ನು ನೋಡಲು ಬಂದವರಿಗೆಲ್ಲ ಕಾಫಿಗೆ ಮುಂಚೆ ಕ್ಯಾಸೆಟ್ ಕೈಗಿಡುವುದು ಮನೆಯ ಪದ್ಧತಿಯಾಗಿಬಿಟ್ಟಿತು. ಗ್ಯಾಸಿನವನು ಸಿಲಿಂಡರ್ ಹೊತ್ತುಕೊಂಡೇ ಹೊಸ್ತಿಲಲ್ಲಿ ನಿಂತ. ವಿಭೂತಿ ಹಚ್ಚಲು ಬಂದ ಅಯ್ಯನವರು ಆಶೀರ್ವಾದದ ಕೈ ಎತ್ತಿದವರು ಊಟದ ಹೊತ್ತಿಗೂ ಇಳಿಸಲಿಲ್ಲ. ಸುದ್ದಿ ಹಬ್ಬಿ ಜನ ಬರುವುದೇ ತಪ್ಪಿಹೋಯಿತು. ಆಮೇಲೆ ವಿಶಾಲಾಕ್ಷಿಯೇ ಕದ್ದು ಊದತೊಡಗಿದಳು. ಒಂದು ದಿನ ಒಲೆಯ ಮುಂದೆ ನಿಂತುಹೋಗಿ, ಎಚ್ಚರವಾಗುವಷ್ಟರಲ್ಲಿ ಹಾಲು ಉಕ್ಕಿ, ಬತ್ತಿ, ಪಾತ್ರೆ ಕೆಂಪಗೆ ಕಾದಿತ್ತು. ಸೆರಗಿನ ತುದಿ ಹೊಗೆಯಾಡುತ್ತಿತ್ತು.

ಸುಟ್ಟ ಸೆರಗನ್ನು ಓಂಕಾರ ನೋಡಿಬಿಟ್ಟ. ಯಂತ್ರವನ್ನು ಮಂಚದ ಕೆಳಕ್ಕೆ ತಳ್ಳಿ, ನನ್ನ ಕೈ ನೆಟ್ಟಗಾಗಲು ನೀನು ಬೇಯಬೇಕಾಗಿಲ್ಲ, ಸಾಕು ಮಾಡಿ ಎಂದ. ಅವಳು ಕೇಳುವ ಹೆಣ್ಣೇ? ಹದ್ದು ಮುಂದಿನ ಹಂತದಲ್ಲಿಯೇ ಇದೆ, ಇದೊಂದು ಸಲ ಎಂದು ಕೆಳಗೆ ಬಗ್ಗಿದಳು. ಅವಳಿಗಿಂತ ಮುಂಚೆ ಮರುಳಣ್ಣ ಯಂತ್ರ ಎತ್ತಿಕೊಂಡರು. ಬಾಳಿನಲ್ಲಿ ಅವರು ಇನ್ನೊಬ್ಬರಿಗಿಂತ ಮುಂಚೆ ಮಾಡಿದ ಕೆಲಸ ಅದೊಂದೇ ಇರಬೇಕು.

"ನೀನು ನಿಂತೋದ್ರೆ ಅವನ ಬಾಯಿಗೆ ಅನ್ನ ಇಡೋರು ಯಾರಮ್ಮ? ನಾನು ನಿಂತ್ರೆ ಏನು ಮಹಾ, ಒಂದು ಹೊತ್ತಿನ ಊಟ ತಪ್ಪುತ್ತೆ."

ಹದ್ದಿನ ಗುಂಡಿನ ಮಳೆಗೆ ಇಷ್ಟು ದಿನ ತೆರೆದಿದ್ದ ಅರ್ಧ ತೂಬು ಸಾಲದೆಂದು ಹಿತ್ತಾಳೆ ತಿರುಪನ್ನು ಪೂರ್ತಿ ಬಿಚ್ಚಿ, ಕ್ಯಾಸೆಟ್ ಊದಿ ಕೂರಿಸಿ, ಯಂತ್ರವನ್ನು ತಮ್ಮನ ಕೈಗೆ ಕೊಟ್ಟರು. ಅವನ ಭುಜದ ಮೇಲಿಂದ ಪರದೆಗೆ ಬಗ್ಗಿ, ಹೆಂಗಿದೆ ಎಂದು ಕೇಳಲು ಬಾಯಿ ತೆರೆದರು. "ಹೆಂ" ಎಂಬುದಷ್ಟೇ ಆಚೆ ಬಂತು.

ಹದ್ದು ರೆಕ್ಕೆ ಬಿಚ್ಚಿತು. ಗುಂಡು ಪರದೆ ತುಂಬ ಸುರಿಯಿತು. ಚಿತ್ರ ಎಲ್ಲಿಯೂ ನಿಲ್ಲಲಿಲ್ಲ, ಬೆರಳೂ ನಿಲ್ಲಲಿಲ್ಲ. ಎಣ್ಣೆ ಹೊಯ್ದಂತೆ ಸಾಗಿದ ಆಟದಲ್ಲಿ ಕಬ್ಬಿಣದ ಹದ್ದು ತುಂಡು ತುಂಡಾಗಿ ಉದುರಿತು. "ಅಣ್ಣ, ಬಿತ್ತು ನೋಡೋ!" ಎಂದು ಓಂಕಾರ ಕೂಗಿದ. ಯಂತ್ರ ಚುರ್ ಎಂದು ಹೊಗೆ ಬಿಟ್ಟು ಸತ್ತಿತು. ಅಣ್ಣ ನೋಡಲಿಲ್ಲ.

ಊಟದ ಹೊತ್ತಾಯಿತು, ದೀಪ ಹಚ್ಚುವ ಹೊತ್ತಾಯಿತು, ವಾರವೂ ಆಯಿತು. ಮರುಳಣ್ಣ ಬಗ್ಗಿದವರು ಬಗ್ಗಿಯೇ ಇದ್ದರು. ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ಒಂದು ಬಡಿತ ಕೇಳಿ, ಹೋಟೆಲಿಗೆ ಹೋಗಿ ದೋಸೆ ತಿಂದು ಬಂದು ಇನ್ನೊಂದು ಬಡಿತ ಕೇಳಿದರು. ಜೀವಕ್ಕೇನೂ ಅಪಾಯವಿಲ್ಲ, ನಿಧಾನ ಅಷ್ಟೆ ಎಂದು ಹೇಳಿ ಹೋದರು. ಸುಟ್ಟ ಯಂತ್ರವನ್ನು ಬಿಚ್ಚಿ ಸರಿಮಾಡಬಲ್ಲವರು ಊರಿಗೆ ಒಬ್ಬರೇ ಇದ್ದರು. ಅವರೇ ಅಲ್ಲಿ ಬಗ್ಗಿ ನಿಂತಿದ್ದರು.

ಓಂಕಾರನ ಕೈ ಅದೇ ದಿನ ಮತ್ತೆ ಬಿದ್ದುಹೋಗಿತ್ತು. ಮಂಚವನ್ನು ಸರಿಸೋಣ ಎಂದರೆ ಬೇಡವೆಂದ. ಅಣ್ಣನ ಮುಖದ ಕೆಳಗೇ ಮಲಗಿ, ಹದ್ದನ್ನು ಯಾವ ಮಗ್ಗುಲಿಂದ ಹೊಡೆದೆ, ಯಾವ ರೆಕ್ಕೆ ಮೊದಲು ಮುರಿಯಿತು ಎಂದು ದಿನವೂ ಹೇಳುತ್ತಿದ್ದ. ಮಾತೂ ತೊದಲತೊಡಗಿದ ಮೇಲೆ ಸುಮ್ಮನೆ ನೋಡುತ್ತಿದ್ದ. ವಿಶಾಲಾಕ್ಷಿ ಒಬ್ಬರಿಗೆ ಗಂಜಿ ಕುಡಿಸುವಳು, ಇನ್ನೊಬ್ಬರ ಕನ್ನಡಕದ ಧೂಳು ಒರೆಸುವಳು. ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಇಬ್ಬರನ್ನೂ ಬೈಯಲಾಗದೆ ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಯುಗಾದಿಗೆ ಇನ್ನೂ ಹೊತ್ತಿರುವಾಗಲೇ ಓಂಕಾರ ಹೋದ. ಹೆಣ ಎತ್ತಿದ ಮೇಲೂ ಮರುಳಣ್ಣ ಖಾಲಿ ಹಾಸಿಗೆಯ ಕಡೆಗೇ ಬಗ್ಗಿ, ನಗುವಿಗೆ ಹತ್ತಿರದ ಮುಖ ಮಾಡಿಕೊಂಡು, ತೆರೆದ ಬಾಯಿ ತೆರೆದೇ ನಿಂತಿದ್ದರು. ಹಾಲಪ್ಪ ಮೇಷ್ಟ್ರು ಕಣ್ಣೊರೆಸಿಕೊಂಡು, ನಾಲ್ಕು ಜನ ಸೇರಿ ಅವರನ್ನೂ ಎತ್ತಿಕೊಂಡು ಹೋಗೋಣವೇ, ಒಡಹುಟ್ಟಿದವನಿಗೆ ಒಂದು ಹಿಡಿ ಮಣ್ಣು ಹಾಕಿದ ಹಾಗಾಗುತ್ತದೆ ಎಂದು ಕೇಳಿದರು.

ವಿಶಾಲಾಕ್ಷಿ ಭಾವನ ಹೆಗಲ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಬೇಡಿ ಮೇಷ್ಟ್ರೇ, ಅವರ ಪಾಡಿಗೆ ಅವರು ಬರ್ತಾರೆ. ಯಾವ ಮಣ್ಣಿಗೆ ಹೊತ್ತಿಗೆ ಸರಿಯಾಗಿ ಬಂದವರು ಅವರು?"