ಲೇಸರ್ ಕಾಣದ ಊರುಗಳಲ್ಲಿ ಲೇಸರ್ ನಿಯಮ

ನಮ್ಮ ಸಾಹೇಬರಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ಪ್ರಶ್ನೆ ಕೇಳಿದರೆ ಮೊದಲು ಪೆನ್ನಿಗೆ ಕ್ಯಾಪು ಹಾಕಿ ಜೇಬಿಗೆ ಸಿಕ್ಕಿಸಿ, ಜೇಬನ್ನು ಎರಡು ಸಲ ತಟ್ಟಿ ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದರು. ಅಷ್ಟರಲ್ಲಿ ಕೇಳಿದವರಿಗೆ ಪ್ರಶ್ನೆಯೇ ಮರೆತುಹೋಗಿರುತ್ತಿತ್ತು. ಸರ್ಕಾರಿ ಜೀಪು ಹತ್ತಿ ಊರೂರು ಸುತ್ತಿದರೆ ನಗುವುದಕ್ಕೇನೂ ಬರವಿಲ್ಲ. ನಾನು ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದೆ.

ಎಂಬತ್ತರ ದಶಕದ ಮಾತು. ಲೇಸರ್ ಉಪಕರಣಗಳ ಹಳೇ ಸುರಕ್ಷತಾ ನಿಯಮಗಳನ್ನು ತಿದ್ದುವ ಮುಂಚೆ ಜನರ ಅಭಿಪ್ರಾಯ ಕೇಳಿ ಎಂದು ಮೇಲಿನಿಂದ ಆದೇಶ ಬಂತು. ನಮ್ಮ ಪಾಲಿಗೆ ನಾಲ್ಕು ತಾಲ್ಲೂಕು. ಇಂಗ್ಲಿಷ್ ಕರಡನ್ನು ಕನ್ನಡಕ್ಕೆ ತಂದು ಸಭೆಯಲ್ಲಿ ಓದುವುದು ನನ್ನ ಕೆಲಸ. ಕಾನ್ವೆಂಟಿನಲ್ಲಿ ಓದಿದವಳು, ನಾಲ್ಕು ಜನರೆದುರು ಬಾಯಿ ತೆರೆಯಲು ಹಿಂಜರಿಯುವವಳು. ಆದರೆ ನನ್ನದು ತಾತ್ಕಾಲಿಕ ನೌಕರಿ. ತಾಲ್ಲೂಕಿಗೆ ಒಂದಾದರೂ ಸಹಿ ಇರುವ ಅಭಿಪ್ರಾಯ ಸಿಕ್ಕರೆ ಮಾತ್ರ ಮುಂದುವರಿಕೆ ಎಂದಿದ್ದರು.

ಮಧುಗಿರಿ

ನಿಘಂಟು ಮುಂದಿಟ್ಟುಕೊಂಡು ವಾರವಿಡೀ ಮಾಡಿದ ಅನುವಾದ. 'ಕಿರಣೋತ್ಸರ್ಜನೆ', 'ನೇತ್ರಪಟಲ ಹಾನಿ' ಎಂದೆಲ್ಲ ತಲೆಯೆತ್ತದೆ ಓದಿ ಮುಗಿಸಿದೆ. ಪುರವರದಿಂದ ಬಂದಿದ್ದ ರೈತರೊಬ್ಬರು ಮೆಚ್ಚಿ ತಲೆದೂಗಿದರು.

"ಬೋ ಚೆಂದಾಗಿ ಓದ್ದೆ ಕಣಮ್ಮ. ಈಗ ಅದನ್ನೇ ಕನ್ನಡದಾಗೆ ಹೇಳ್ಬುಡು."

ಆ ಬೆಳಕನ್ನು ನೆಟ್ಟಗೆ ನೋಡಿದರೆ ಕಣ್ಣು ಹೋಗುತ್ತದೆ ಎಂದೆ. 'ಹದಿನೆಂಟು ಹಾಳೆ ದಂಡ, ಈ ಒಂದು ಸಾಲು ಸಾಕು' ಎಂದು ಅಭಿಪ್ರಾಯ ಬರೆಸಿ ಸಹಿ ಹಾಕಿಯೇಬಿಟ್ಟರು.

ಶಿರಾ

ಅಲ್ಲಿ ವೆಲ್ಡಿಂಗ್ ಅಂಗಡಿಯ ಸಾಬರೊಬ್ಬರು ಎದ್ದರು. ಕನ್ನಡಕ ಕಡ್ಡಾಯ ಅನ್ನುವ ನಿಯಮ ಕೆಲಸಗಾರನಿಗಲ್ಲ, ಸುತ್ತ ನಿಂತು ನೋಡುವವರಿಗೆ ಇರಬೇಕು ಎಂಬುದು ಅವರ ವಾದ. ಹಾಗಾದರೆ ನಿಮ್ಮ ಕಣ್ಣು ಎಂದು ಸಾಹೇಬರು ಕೇಳಿದರು. ಇಷ್ಟು ವರ್ಷ ಕಿಡಿ ಹಾರುವಾಗ ತಾನು ಕಣ್ಣು ಮುಚ್ಚಿಕೊಂಡೇ ಬೆಸುಗೆ ಹಾಕಿದ್ದಾಗಿ ಸಾಬರು ಹೆಮ್ಮೆಯಿಂದ ಹೇಳಿ, ಅಭಿಪ್ರಾಯಕ್ಕೆ ಸಹಿ ಹಾಕಿದರು.

ಬಾಗಿಲ ಬಳಿ ನಿಂತಿದ್ದ ತಾಲ್ಲೂಕು ಕಚೇರಿಯ ಜವಾನ ನಿಟ್ಟುಸಿರು ಬಿಟ್ಟ. "ಅದ್ಕೇಯ ನಮ್ಮ ಆಫೀಸಿನ ಗೇಟು ಸೊಟ್ಟಗಿರೋದು."

ಕೊರಟಗೆರೆ

ಸಂತೆಯ ದಿನ. ಜನ ಸೇರಲೆಂದು ಸಾಹೇಬರು ಪೆಟ್ಟಿಗೆಯಿಂದ ಲೇಸರ್ ಹೊರತೆಗೆದು ಗೋಡೆಯ ಮೇಲೆ ಕೆಂಪು ಚುಕ್ಕೆ ಬಿಡಿಸಿದರು. ಆದರೆ ಕನ್ನಡಕವಿಲ್ಲದೆ ಯಾರೂ ನೋಡಕೂಡದು, ಇದ್ದದ್ದು ಒಂದೇ ಕನ್ನಡಕ. ಸಾಲು ಬಾಗಿಲಾಚೆ ಹೋಯಿತು. ಒಬ್ಬೊಬ್ಬರೂ ಹಾಕಿಕೊಂಡು ನೋಡಿ, ಗಂಭೀರವಾಗಿ ತಲೆಯಾಡಿಸಿ ಮುಂದಿನವರಿಗೆ ಕೊಟ್ಟರು. ಕೊನೆಗೆ ಕುರಿ ಮಾರಲು ಬಂದಿದ್ದ ಅಜ್ಜಿಯ ಸರದಿ. ಇದರಲ್ಲಿ ಚುಕ್ಕೆಯೇ ಕಾಣುವುದಿಲ್ಲ ಎಂದಿತು ಅಜ್ಜಿ. ಅದುವರೆಗೆ ನೋಡಿದವರೆಲ್ಲ ನೆಲ ನೋಡಿದರು. ಆ ಬೆಳಕನ್ನು ತಡೆಯುವುದೇ ಕನ್ನಡಕದ ಕೆಲಸ ಎಂದು ಸಾಹೇಬರು ವಿವರಿಸಿದರು.

"ಏನೂ ಕಾಣದಂಗೆ ಮಾಡಾಕೆ ಬೆಂಗ್ಳೂರಿಂದ ಬರಬೇಕಾಗಿತ್ತಾ ಸ್ವಾಮಿ? ಹೇಳಿ ಕಳ್ಸಿದ್ರೆ ಇಲ್ಲೇ ಕಣ್ ಮುಚ್ಕಂತಿದ್ವಲ್ಲ."

ಅದನ್ನೇ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದೆ. ಮೂರಾಯಿತು.

ಪಾವಗಡ

ಉಳಿದದ್ದು ಒಂದೇ. ಅವತ್ತು ಕರೆಂಟಿಲ್ಲದೆ ಲೇಸರ್ ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ. ನಾನು ಒಂದೊಂದು ನಿಯಮ ಓದಿದಾಗಲೂ ಸಭೆ ಒಟ್ಟಾಗಿ, ಎಲ್ಲಾ ಚೆನ್ನಾಗಿದೆ ಎಂದು ತೆಲುಗಿನಲ್ಲಿ, "ಅಂತಾ ಬಾಗುಂದಿ ಸಾರ್" ಅನ್ನುತ್ತಿತ್ತು. ಏನಾದರೂ ಒಂದು ಕೊರತೆ ಹೇಳಿ ಎಂದು ಸಾಹೇಬರು ಅಂಗಲಾಚಿದರು. ಮನೆಗೆ ಬಂದವರಿಗೆ ತಪ್ಪು ತೋರಿಸುವುದು ನಮ್ಮೂರಿನಲ್ಲಿಲ್ಲ ಎಂದರು ನಿವೃತ್ತ ಮೇಷ್ಟ್ರು. ನನ್ನ ನೌಕರಿ ಅಲ್ಲೇ ಮುಗಿಯಿತೆಂದುಕೊಂಡೆ.

ನನ್ನ ಮುಖ ನೋಡಿಯೋ ಏನೋ, ಎಲ್ಲರೂ ಹೊರಗೆ ಬೇವಿನ ಮರದ ಕೆಳಗೆ ಕೂತು ತಾಸುಗಟ್ಟಲೆ ಚರ್ಚಿಸಿ, ಹಾಳೆ ತುಂಬ ಸಹಿ ಹಾಕಿ ತಂದರು. ನಾನೇ ಓದಿದೆ: 'ತಮ್ಮ ನಿಯಮಗಳೆಲ್ಲ ನಮಗೆ ಒಪ್ಪಿಗೆ. ಚಾಚೂ ತಪ್ಪದೆ ಪಾಲಿಸುತ್ತೇವೆ. ಪಾಲಿಸಲು ಅನುಕೂಲವಾಗುವಂತೆ ನಮ್ಮೂರಿಗೆ ಒಂದು ಲೇಸರ್ ಮಂಜೂರು ಮಾಡಿಸಬೇಕಾಗಿ ಪ್ರಾರ್ಥನೆ.'

ಸಾಹೇಬರು ನನ್ನತ್ತ ಬಗ್ಗಿದರು. "ಇದು ಅಭಿಪ್ರಾಯಾನೋ, ಅರ್ಜೀನೋ?"

"ಸಹಿ ಇದೆ ಸಾರ್" ಎಂದೆ. ಆ ಪ್ರವಾಸದಲ್ಲಿ ನಾನು ಗಟ್ಟಿಯಾಗಿ ಆಡಿದ ಮಾತು ಅದೊಂದೇ. ಅವರು ಅನುಮಾನಿಸುತ್ತಲೇ ಫೈಲಿಗೆ ಸೇರಿಸಿದರು.

ಜೀಪು ಹೊರಡುವಾಗ ಮೇಷ್ಟ್ರು ಪಕ್ಕಕ್ಕೆ ಬಂದು ಕೈಮುಗಿದರು.

"ಸಣ್ಣದಾದ್ರೂ ಪರ್ವಾಗಿಲ್ಲ ಸಾರ್. ಉಗಾದಿ ಒಳಗೆ ಕಳಿಸಿಕೊಡ್ತೀರಾ?"